ಹೊಡೆಸು ಎಂಬುದಕ್ಕೆ ಇಂಗ್ಲಿಷ್

ಹಿತ್ತಲಮನಿ ಸರ್ ವಿದ್ಯಾರ್ಥಿಗಳ ಮೇಲೆ ಎಂದೂ ಕೈ ಮಾಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅವರೂ ಎಲ್ಲಕ್ಕಿಂತ ಮೊದಲು ಇದನ್ನೇ ಹೇಳುತ್ತಿದ್ದರು. "ನನ್ನ ಸರ್ವಿಸಿನ್ಯಾಗ ಒಂದ ಹುಡುಗಗ ಕೈ ಹಚ್ಚಿಲ್ಲ ನಾ" ಎಂದು ಅವರು ಎದೆ ಮುಟ್ಟಿಕೊಂಡು ಹೇಳುವಾಗ ಎದುರಿನ ಬೆಂಚಿನಲ್ಲಿ ಯಾರದಾದರೂ ಕೆನ್ನೆ ಕೆಂಪಗಿರುತ್ತಿತ್ತು. ಮಾತು ಮಾತ್ರ ಸುಳ್ಳಲ್ಲ. ಅವರ ಕೈ ಯಾವಾಗಲೂ ಶುದ್ಧ, ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಸಹ ಇರುತ್ತಿರಲಿಲ್ಲ.

ನಾನು ಮೈಲಾರಿ, ಹಿರೇಕೆರೂರಿನವನು. ಶಿಗ್ಗಾವಿಯಿಂದ ಸವಣೂರಿಗೆ ಹೋಗುವ ರಸ್ತೆಯ ಮೇಲಿನ ಪಿ.ಜಿ. ಸೆಂಟರಿನಲ್ಲಿ ಅರ್ಥಶಾಸ್ತ್ರದ ಎಂ.ಎ. ಓದುತ್ತಿದ್ದೆ. ಅರ್ಥಶಾಸ್ತ್ರ ನನಗೆ ಬರುತ್ತಿತ್ತು. ಗೋವಿನಜೋಳದ ದರ ಸುಗ್ಗಿಯಲ್ಲೇ ಯಾಕೆ ಬೀಳುತ್ತದೆ ಎಂದು ಕೇಳಿದರೆ ಕನ್ನಡದಲ್ಲಿ ಅರ್ಧ ತಾಸು ನಿಲ್ಲಿಸದೆ ಹೇಳುತ್ತಿದ್ದೆ, ಯಾಕೆಂದರೆ ರಜೆಯಲ್ಲಿ ಅದೇ ಜೋಳದ ಚೀಲ ಹೊತ್ತು ಹಮಾಲಿ ಮಾಡಿದವನು ನಾನು. ಆದರೆ ಎರಡನೇ ಸೆಮಿಸ್ಟರಿಗೆ 'ಅಕಾಡೆಮಿಕ್ ಇಂಗ್ಲಿಷ್' ಎಂಬ ಕಡ್ಡಾಯ ಪೇಪರ್ ಬಂದು ವಕ್ಕರಿಸಿತು. ಸಂಶೋಧನೆ ಬರೆಯುವುದಕ್ಕೆ ಬೇಕಾದ ಇಂಗ್ಲಿಷ್ ಅಂತೆ. ಅದನ್ನು ಕಲಿಸಲು ಹಿತ್ತಲಮನಿ ಸರ್ ಬಂದರು.

ಅವರದೂ ಒಂದು ಸಂಶೋಧನೆ ನಡೆದಿತ್ತು. ಹಳ್ಳಿಯ ಕಡೆಯ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ಮುಂದೆ ಬರುವುದು ಯಾವುದರಿಂದ, ಹಿಂದೆ ಬೀಳುವುದು ಯಾವುದರಿಂದ ಎಂಬುದೇ ಅವರ ಪಿಎಚ್.ಡಿ. ವಿಷಯ. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. "ಅಂಜಿಕಿ ಮತ್ತ ನಾಚಿಕಿ. ಇವೆರಡ ಇದ್ರ ಕಲ್ಲೂ ಇಂಗ್ಲಿಷ್ ಮಾತಾಡ್ತೈತಿ" ಅನ್ನುತ್ತಿದ್ದರು. ಕಲ್ಲುಗಳಾಗಿ ನಾವು ಕುಳಿತಿದ್ದೆವು.

ಅವರ ಪದ್ಧತಿ ಹೊಸದೇನಲ್ಲ. ನಮ್ಮ ಕಡೆ ಕನ್ನಡ ಸಾಲಿಯಲ್ಲಿ ಓದಿದವರಿಗೆಲ್ಲ ಗೊತ್ತು. ಮೂರನೇ ಇಯತ್ತೆಯಲ್ಲಿ ಮಗ್ಗಿ ತಪ್ಪಿದರೆ ಮಾಸ್ತರು ತಾವು ಹೊಡೆಯುತ್ತಿರಲಿಲ್ಲ. ಸರಿಯಾಗಿ ಹೇಳಿದ ಹುಡುಗಿಯನ್ನು ಕರೆದು "ಇವನ ಮೂಗು ಹಿಡಿದು ಕಪಾಳಕ್ಕೆ ಹೊಡಿ" ಅನ್ನುತ್ತಿದ್ದರು. ಎಡಗೈಯಲ್ಲಿ ಮೂಗು, ಬಲಗೈಯಲ್ಲಿ ಏಟು. ಮೆಲ್ಲಗೆ ಹೊಡೆದರೆ ಹೊಡೆದವರಿಗೇ ತಿರುಗಿ ಬೀಳುತ್ತಿತ್ತು. ಎಂಟು ವರ್ಷದ ಮಕ್ಕಳಲ್ಲಿ ಅದು ಅಳು, ನಗು, ಆಮೇಲೆ ಆಟ. ಮೀಸೆ ಬಂದ ಗಂಡಸರಿಗೂ, ಮದುವೆ ಮಾತುಕತೆ ನಡೆದಿದ್ದ ಹೆಣ್ಣುಮಕ್ಕಳಿಗೂ ಅದೇ ಪದ್ಧತಿಯನ್ನು ಹಚ್ಚಿದ ಪುಣ್ಯಾತ್ಮರು ಇವರೊಬ್ಬರೇ. ಪ್ರಿನ್ಸಿಪಾಲರಿಗೆ ಹೇಳಬಹುದಿತ್ತು. ಆದರೆ ಇಂಟರ್ನಲ್ ಮಾರ್ಕ್ಸು ಸರ್ ಕೈಯಲ್ಲಿತ್ತು, ನಮ್ಮ ಬಾಯಿ ನಮ್ಮ ಹೊಟ್ಟೆಯೊಳಗಿತ್ತು.

ಹೊಡೆಯುವ ಕೆಲಸ ಹೆಚ್ಚಾಗಿ ಬೀಳುತ್ತಿದ್ದದ್ದು ಸಮತಾಳಿಗೆ. ಶಿಗ್ಗಾವಿ ತಾಲೂಕಿನ ಹಿರೇಬೆಂಡಿಗೇರಿಯವಳು. ಕ್ಲಾಸಿಗೇ ಮೊದಲ ನಂಬರು, ಇಂಗ್ಲಿಷಿನಲ್ಲಂತೂ ನಮಗೂ ಅವಳಿಗೂ ಮೈಲಿಗಟ್ಟಲೆ ದೂರ. ಅವಳ ಅವ್ವ ಶೇಖವ್ವ ಎರಡು ಸಲ ಬಂದ ಗಂಡುಗಳನ್ನು "ಓದು ಮುಗೀಲಿ ತಡೀರಿ" ಎಂದು ವಾಪಸು ಕಳಿಸಿದ್ದಳು. ಪಿಎಚ್.ಡಿ. ಮಾಡಿ ಯುನಿವರ್ಸಿಟಿಯಲ್ಲಿ ಕಲಿಸುವುದು ಸಮತಾಳ ಹಟ. ಉತ್ತರ ಹೇಳಿ ಹೇಳಿ ಅವಳು ಕ್ಲಾಸಿನ ಅರ್ಧ ಜನರ ಕಪಾಳ ಮುಟ್ಟಿದ್ದಳು. ಕಡೆಕಡೆಗೆ ಗೊತ್ತಿದ್ದರೂ ಗೊತ್ತಿಲ್ಲ ಅನ್ನತೊಡಗಿದಳು. ಹೊಡೆಯುವುದಕ್ಕೆ ಹೇಸಿ ಜಾಣರೂ ದಡ್ಡರಾಗುತ್ತಿದ್ದರು. ಇದು ಸರ್ ಅವರ ಸಂಶೋಧನೆಯಲ್ಲಿ ಬಂತೋ ಇಲ್ಲವೋ ಕಾಣೆ.

ಆ ದಿನ ಕರ್ಮಣಿ ಪ್ರಯೋಗದ ಪಾಠ. ಸರ್ ಬೋರ್ಡಿನ ಮೇಲೆ "ಪೊಲೀಸರು ಕಳ್ಳನನ್ನು ಹೊಡೆದರು" ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಬರೆದು, ಕಳ್ಳನಿಂದ ಶುರುಮಾಡಿ ತಿರುಗಿಸಿ ಹೇಳು ಎಂದು ನನ್ನನ್ನು ಎಬ್ಬಿಸಿದರು. ನಾನು ಯೋಚಿಸಿದೆ. ನಮ್ಮ ಊರಲ್ಲಿ ಯಾವ ಕಳ್ಳನೂ ಹೊಡೆಯಲ್ಪಡುವುದಿಲ್ಲ. ಹೊಡೆತ ತಿನ್ನುತ್ತಾನೆ. ಹಾಗಾಗಿ ಧೈರ್ಯದಿಂದ ಹೇಳಿದೆ: "ದಿ ಥೀಫ್ ಈಟ್ ದಿ ಬೀಟಿಂಗ್."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಸರ್ ನಗಲಿಲ್ಲ. "ತಿಂದನ? ರುಚಿ ಹೆಂಗಿತ್ತಪಾ? ಉಪ್ಪು ಖಾರ ಬರೋಬರಿ ಇತ್ತಿಲ್ಲ?" ಎಂದು ಕೇಳಿ, "ಸಮತಾ, ಸ್ಟ್ಯಾಂಡ್ ಅಪ್" ಅಂದರು.

ಅವಳು ಎದ್ದು "ಗೊತ್ತಿಲ್ರಿ ಸರ್" ಅಂದಳು.

"ಗೊತ್ತಿಲ್ಲಂತ ನಾಟಕ ಮಾಡಿದಿ ಅಂದ್ರ ಈ ಸಲ ಇಂಟರ್ನಲ್ ಸೊನ್ನಿ. ಹೇಳು."

"ದಿ ಥೀಫ್ ವಾಸ್ ಬೀಟನ್" ಎಂದಳು ಸಮತಾ.

"ವೆರಿ ಗುಡ್. ಯಾರು ಹೊಡೆದ್ರು ಅನ್ನೂದನ್ನ ಬಿಟ್ಟಾಳ ನೋಡ್ರಿ. ಬಿಟ್ರ ನಡೀತೈತಿ. ಸಂಶೋಧನಾದಾಗ ಏನ ಆತು ಅನ್ನೂದ ಮುಖ್ಯ, ಯಾರ ಮಾಡಿದ್ರು ಅನ್ನೂದ ಅಲ್ಲ. ಹೋಗು, ಮೂಗು ಹಿಡಿ."

ಅವಳು ನನ್ನ ಬಳಿ ಬಂದು ಎರಡು ಬೆರಳಲ್ಲಿ ಮೂಗು ಮುಟ್ಟಿದಳು. ಆ ಬೆರಳು ತಣ್ಣಗಿದ್ದವು. ಕೆನ್ನೆಗೆ ಅಂಗೈ ತಾಗಿಸಿ ತೆಗೆದಳು.

"ನೊಣಾ ಹೊಡೀತಿಯೇನ? ದಿಲ್ಶಾದ, ಹೆಂಗ ಹೊಡೀಬೇಕು ಇಕಿಗೆ ತೋರಸು."

ಸವಣೂರಿನ ದಿಲ್ಶಾದ ಸಮತಾಳ ಪಕ್ಕದಲ್ಲೇ ಕೂರುವ ಗೆಳತಿ, ಒಂದೇ ಡಬ್ಬಿಯಲ್ಲಿ ಉಣ್ಣುವವರು. ಅವಳು ಅಳುತ್ತಲೇ ಬಂದು ಹೊಡೆದಳು. ಮೆಲ್ಲಗೆ ಹೊಡೆದರೆ ತನಗೆ ಬೀಳುತ್ತದೆಂದು ಅವಳಿಗೂ ಗೊತ್ತಿತ್ತು. ಸಮತಾಳ ತುಟಿ ಹಲ್ಲಿಗೆ ಸಿಕ್ಕಿ ಸೀಳಿತು. ಗದ್ದದ ಮೇಲೆ ರಕ್ತ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಮತ್ತೆ ನನ್ನ ಕಡೆ ತಿರುಗಿ ಮತ್ತೆ ಮೆಲ್ಲಗೇ ಹೊಡೆದಳು. ಸರ್ ಚಿಟಿಕೆ ಹಾಕಿದರು. ದಿಲ್ಶಾದಳ ಕೈ ಮತ್ತೆ ಬಿತ್ತು. ಹೀಗೆ ಮೂರನೆಯ ಸುತ್ತಿಗೆ ಸಮತಾಳ ಚೂಡಿದಾರದ ಎದೆಭಾಗ ಪೂರಾ ಕಲೆಯಾಗಿತ್ತು. ಅವಳು ಬೀಳುವ ಹಾಗೆ ತೂಗಾಡುತ್ತಿದ್ದಳು, ಆದರೂ ಕೈ ಮಾತ್ರ ಜೋರಾಗುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. "ಹೊಡಿ ಸಮತಾ" ಅಂದೆ. "ಚೀಲಾ ಹೊತ್ತ ಮೈ ಇದು, ನನಗೇನ ಆಗಂಗಿಲ್ಲ. ಜೋರಾಗಿ ಒಂದ ಹೊಡಿ, ಮುಗೀಲಿ."

ಅವಳು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿ ಹೊಡೆದದ್ದರಿಂದಲೇ ಅಂಗೈ ಕೆನ್ನೆಗೆ ಬೀಳದೆ ಎಡಗಿವಿಯ ಮೇಲೆ ಬಿತ್ತು. ತಲೆಯೊಳಗೆ ಏನೋ ಫಟ್ಟೆಂದಿತು. ನೆಲ ಓರೆಯಾಗಿ ಮೇಲೆ ಬಂತು, ಬೆಂಚಿನ ಮೂಲೆ ಹುಬ್ಬಿಗೆ ಹೊಡೆಯಿತು. ಕೆಳಗೆ ಬಿದ್ದವನ ಕಿವಿಯಿಂದ ಬಿಸಿಯಾಗಿ ಏನೋ ಹರಿದು ಕಾಲರಿನೊಳಗೆ ಇಳಿಯುತ್ತಿತ್ತು. ಎಲ್ಲರ ಬಾಯಿ ಆಡುತ್ತಿದ್ದವು, ಆದರೆ ನನಗೆ ಕೇಳುತ್ತಿದ್ದದ್ದು ಒಂದೇ ಸಮನೆ ಸಿಳ್ಳು. ಸರ್ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ತಮ್ಮ ಎರಡೂ ಅಂಗೈಯನ್ನು ಕ್ಲಾಸಿಗೆ ತೋರಿಸುತ್ತಿದ್ದರು.

ಸವಣೂರಿನ ಬಿಲಾಲ, ನನ್ನ ಕ್ಲಾಸಿನವನೇ, ರೂಮಿನವನೂ, ಬೈಕಿನ ಮೇಲೆ ದವಾಖಾನೆಗೆ ಒಯ್ದ. ಕಿವಿಯ ತಮಟೆ ಹರಿದಿದೆ, ಈ ಕಿವಿ ಮೊದಲಿನಂತೆ ಕೇಳುವುದು ಕಷ್ಟ ಎಂದರು ಡಾಕ್ಟರು. ಕಿವಿಯಲ್ಲಿ ತಮಟೆ ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಅದು ಹರಿದ ಮೇಲೆ. ಸಂಜೆ ಹಿರೇಕೆರೂರಿನಿಂದ ಅಪ್ಪ ಬಂದ. ಮಾರೆಪ್ಪ ಎಂದರೆ ಸಿಟ್ಟಿಗೆ ಹೆಸರಾದವನು. ನಡೆದದ್ದನ್ನು ಅರ್ಧ ಕೇಳಿ, ದವಾಖಾನೆಯ ಕಾಟಿನ ಮೇಲೆ ಮಲಗಿದ್ದ ನನ್ನ ಇನ್ನೊಂದು ಕೆನ್ನೆಗೆ ಬಾರಿಸಿದ. "ಹುಡಿಗಿ ಕೈಲೆ ಹೊಡಸ್ಕೊಂಡ ಬಂದೀಯಲ್ಲೋ ಭಾಡ್ಯಾ!" ಎಂದು ಅರಚಿ, ಆಮೇಲೆ ಕಾಟಿನ ಕಬ್ಬಿಣ ಹಿಡಿದು ಅತ್ತ. ಬಲಗಿವಿ ಉಳಿದದ್ದು ನನ್ನ ಪುಣ್ಯ.

ನಾನು ಊರಲ್ಲಿ ಮಲಗಿದ್ದಾಗ ಬಿಲಾಲನ ಫೋನು ಬಂತು. ದವಾಖಾನೆಯವರು ಪೊಲೀಸರಿಗೆ ತಿಳಿಸಿದ್ದರಿಂದ ಸೆಂಟರಿನವರು ವಿಚಾರಣೆ ಇಟ್ಟಿದ್ದರು. ಹಿತ್ತಲಮನಿ ಸರ್ ಬರೆದುಕೊಟ್ಟದ್ದು ಇಷ್ಟು: ಇಬ್ಬರಿಗೂ ಏನೋ ಲವ್ ಮ್ಯಾಟರ್ ಇತ್ತು, ಜಗಳದಲ್ಲಿ ಹುಡುಗಿ ಹುಡುಗನಿಗೆ ಹೊಡೆದಳು, ಪಾಠ ಮಾಡುತ್ತಿದ್ದ ತಾವು ತಡೆಯುವಷ್ಟರಲ್ಲಿ ಆಗಿಹೋಯಿತು. ಸುದ್ದಿ ಹಿರೇಬೆಂಡಿಗೇರಿಗೆ ಮುಟ್ಟಿ, ಶೇಖವ್ವ ಮಗಳನ್ನು ಒಲೆಯ ಕಟ್ಟಿಗೆಯಿಂದ ಬಡಿದಳಂತೆ. ಗಂಡು ನೋಡಲು ಜನ ಓಡಾಡುತ್ತಿದ್ದಾರಂತೆ.

"ನೀವೆಲ್ಲಾ ಕಣ್ಣಾರೆ ನೋಡೀರಲ್ಲೋ" ಅಂದೆ.

"ನಾವು ನೋಡಿಲ್ಲಂತ ಬರದ ಕೊಟ್ಟೇವಿ" ಅಂದ ಬಿಲಾಲ. ದನಿ ಸಣ್ಣದಾಗಿತ್ತು. "ದಿಲ್ಶಾದನೂ ಕೊಟ್ಟಾಳ. ಇಂಟರ್ನಲ್ ಐತೋ ಮೈಲಾರಿ. ಈಗ ನಿಂದೊಂದ ಉಳದೈತಿ. ನೀ ಹೂಂ ಅಂದ್ರ ಸಮತಾನ್ನ ತಗದ ಹಾಕ್ತಾರ."

ಮರುದಿನ ಕಿವಿಗೆ ಹತ್ತಿ ತುರುಕಿಕೊಂಡು ಹೊರಟೆ. ಬಸ್ಸಿಡೀ ಕುದಿಯುತ್ತಿದ್ದೆ. ಬಿಲಾಲನ ಮೇಲೆ, ದಿಲ್ಶಾದಳ ಮೇಲೆ, ಅಪ್ಪನ ಮೇಲೆ, ಕಂಡಕ್ಟರನ ಮೇಲೂ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಟೇಬಲ್. ನಡುವೆ ಹೊರಗಿನಿಂದ ಬಂದ ಅಧ್ಯಕ್ಷರು, ಬಿಳಿ ಕೂದಲಿನ ಹಿರಿಯ ಪ್ರೊಫೆಸರು, ಬೆರಳಿಗೆ ಹವಳದ ಉಂಗುರ. ಅವರ ಬಲಕ್ಕೆ ಹಿತ್ತಲಮನಿ ಸರ್. ಆಪಾದನೆ ಇರುವುದು ಯಾರ ಮೇಲೆ ಎಂದು ಗೊತ್ತಿಲ್ಲದವರು ನೋಡಿದರೆ ಅವರನ್ನೇ ಜಡ್ಜು ಅನ್ನಬೇಕು. ಸಮತಾ ಗೋಡೆಗೆ ಒತ್ತಿ ನಿಂತಿದ್ದಳು. ತುಟಿಯ ಗಾಯ ಒಣಗಿತ್ತು, ಮೊಣಕೈಯಿಂದ ಕೆಳಗೆ ಕಟ್ಟಿಗೆಯ ಬಾಸುಂಡೆ ಹೊಸದಾಗಿದ್ದವು.

ಅಧ್ಯಕ್ಷರು ನನ್ನ ಮುಂದೆ ಒಂದು ಟೈಪು ಮಾಡಿದ ಹಾಳೆ ಸರಿಸಿದರು. ಅದರಲ್ಲಿ ಒಂದೇ ವಾಕ್ಯ: "ಐ ವಾಸ್ ಸ್ಲ್ಯಾಪ್ಡ್ ಬೈ ಸಮತಾ." ಸಮತಾಳಿಂದ ನನಗೆ ಏಟು ಬಿತ್ತು. ನನಗೆ ಅದು ಒಂದೇ ಓದಿಗೆ ಅರ್ಥವಾಯಿತು. ಹೊಡೆದವರ ಹೆಸರು ಬಿಟ್ಟರೂ ನಡೆಯುತ್ತದೆ ಎಂದು ಕಲಿಸಿದ ಮಹಾಶಯರು ಈ ವಾಕ್ಯದಲ್ಲಿ ಹೆಸರು ಬಿಟ್ಟಿರಲಿಲ್ಲ.

"ಟ್ರೂ?" ಎಂದರು ಅಧ್ಯಕ್ಷರು.

ಸುಳ್ಳು ಎಂದು ಹೇಗೆ ಹೇಳಲಿ? ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ. "ಖರೇರಿ ಸರ್, ಆದ್ರ ಅಕಿ ಹೊಡದಿಲ್ರಿ. ಇವರು ಹೊಡಸ್ಯಾರ್ರಿ" ಎಂದೆ.

"ಇಂಗ್ಲಿಷ್, ಪ್ಲೀಸ್." ಪಿ.ಜಿ. ವಿದ್ಯಾರ್ಥಿಗಳಿಗೆ ಆ ಪೇಪರನ್ನೇ ಕಲಿಸಲಾಗಿದೆ, ದಾಖಲೆಯೂ ಇಂಗ್ಲಿಷಿನಲ್ಲೇ ಇರಬೇಕು ಎಂದು ಹಿತ್ತಲಮನಿ ಸರ್ ಅವರಿಗೆ ಮೊದಲೇ ಹೇಳಿಟ್ಟಿದ್ದರು.

ನಾನು ನಿಂತೆ. ಬೆವರು ಕಿವಿಯ ಹತ್ತಿಗೆ ಇಳಿಯಿತು. ಹೊಡೆ ಎಂಬುದಕ್ಕೆ ಇಂಗ್ಲಿಷ್ ಇತ್ತು. ಹೊಡೆಸು ಎಂಬುದಕ್ಕೆ? ನಮ್ಮಲ್ಲಿ ನಡುವೆ ಒಂದು 'ಸ' ಸೇರಿಸಿದರೆ ಮುಗಿಯಿತು, ಹೊಡೆದವನ ತಲೆಯ ಮೇಲಿನ ಪಾಪ ಹೊಡೆಸಿದವನ ತಲೆಗೆ ಹೋಗುತ್ತದೆ. ಆ 'ಸ' ನನಗೆ ಇಂಗ್ಲಿಷಿನಲ್ಲಿ ಎಲ್ಲೂ ಸಿಗಲಿಲ್ಲ.

"ಸರ್ ಹಿಟ್ ಮಿ" ಎಂದೆ.

"ಅವರು ನಿನ್ನನ್ನು ಮುಟ್ಟಿದರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಅಧ್ಯಕ್ಷರು.

"ನೋ ಸರ್."

"ಹಾಗಾದರೆ ಸುಳ್ಳು ಹೇಳುತ್ತಿದ್ದೀಯ."

"ಸರ್ ಹಿಟ್ ಮಿ ಬೈ ಸಮತಾ. ಸರ್ ಹಿಟ್, ಸಮತಾ ಹ್ಯಾಂಡ್. ಹ್ಯಾಂಡ್ ಸಮತಾ, ಹಿಟ್ ಸರ್."

ಹಿತ್ತಲಮನಿ ಸರ್ ಕನ್ನಡಕ ತೆಗೆದು ಒರೆಸುತ್ತ ನಕ್ಕರು. "ನೋಡ್ರಿ ಸರ್, ಒಂದ ಸೆಮಿಸ್ಟರ್ ತಲಿ ಒಡಕೊಂಡೇನಿ ಇವರ ಸಲುವಾಗಿ" ಅಂದರು. ಅವರು ಕನ್ನಡ ಮಾತಾಡಿದರೆ ಯಾರೂ ತಡೆಯಲಿಲ್ಲ. ಗೋಡೆಯ ಬಳಿಯಿಂದ ಸಮತಾ ಇಂಗ್ಲಿಷಿನಲ್ಲಿ ಏನೋ ಹೇಳಹೊರಟಳು. ಅವಳಿಗೆ ಆ ಮಾತು ಗೊತ್ತಿತ್ತು, ಮುಖ ನೋಡಿದರೇ ತಿಳಿಯುತ್ತಿತ್ತು. ಅಧ್ಯಕ್ಷರು ಕೈ ಎತ್ತಿದರು. ನಿನ್ನದು ಬೆಳಿಗ್ಗೆಯೇ ಕೇಳಿ ಆಗಿದೆ, ಆಪಾದನೆ ಹೊತ್ತವಳು ಹಾಗೆ ಹೇಳುವುದು ಸಹಜ, ಸಾಕ್ಷಿಗೆ ಹೇಳಿಕೊಡಬೇಡ ಎಂದರು. ಪೆನ್ನನ್ನು ನನ್ನ ಕಡೆ ಚಾಚಿದರು. ಸಹಿ ಮಾಡದಿದ್ದರೂ ನಾನು ಈಗಷ್ಟೇ "ಖರೆ" ಎಂದದ್ದು ಸಾಕು ಅಂದರು.

ಪೆನ್ನಿನ ಜೊತೆ ಅವರ ಕೈಯೂ ಟೇಬಲ್ಲಿನ ಈಚೆ ಬಂದಿತ್ತು. ಮೆತ್ತನೆಯ, ಓದಿದ ಕೈ. ಸಮತಾ ಅಡುಗೆಮನೆಗೆ ಹೋಗಿ ಕೂರುತ್ತಾಳೆ, ಇವರಿಬ್ಬರೂ ಚಹಾ ಕುಡಿದು ಕಾರು ಹತ್ತುತ್ತಾರೆ ಎಂದು ನನಗೆ ಅನಿಸಿತು. ಅಲ್ಲಿಗೆ ನನ್ನ ಇಂಗ್ಲಿಷ್ ಮುಗಿಯಿತು.

ಆ ಕೈಯ ಮಣಿಕಟ್ಟು ಹಿಡಿದೆ. ಜೋಳದ ಚೀಲದ ಮೂಲೆ ಹಿಡಿಯುವ ಪಟ್ಟು ಅದು, ಬಿಡಿಸಿಕೊಳ್ಳಲು ಆಗುವುದಿಲ್ಲ. ಅಧ್ಯಕ್ಷರು ಕುರ್ಚಿಯಿಂದ ಅರ್ಧ ಎದ್ದು ಟೇಬಲ್ಲಿನ ಮೇಲೆ ಬಗ್ಗಿದರು. ಅವರ ಕೈಯನ್ನು ಎತ್ತಿ ಅವರದೇ ಬಲಕ್ಕೆ ಬೀಸಿದೆ. ಅದು ಹಿತ್ತಲಮನಿ ಸರ್ ಕಪಾಳಕ್ಕೆ ಪಟಾರನೆ ಬಿತ್ತು. ಕನ್ನಡಕ ಗೋಡೆಗೆ ಹೋಗಿ ಒಡೆಯಿತು. ಹಿಂದಕ್ಕೆ ಎಳೆದು ಮತ್ತೆ ಬೀಸಿದೆ. ಈ ಸಲ ಉಂಗುರ ಕೆನ್ನೆಯ ಚರ್ಮ ಸುಲಿಯಿತು. ಮೂರನೆಯದಕ್ಕೆ ಮೂಗಿನಿಂದ ರಕ್ತ ಚಿಮ್ಮಿ ಟೈಪು ಮಾಡಿದ ಹಾಳೆಯ ಮೇಲೆ ಬಿತ್ತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹಿತ್ತಲಮನಿ ಸರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಏನಾಗುತ್ತಿದೆ ಎಂದೇ ತಿಳಿಯದೆ, ಅಧ್ಯಕ್ಷರ ಮೇಲೆ ಚೀರಿದರು. "ಯಾಕ ಹೊಡೀತೀರಿ ಸರ್ ನನ್ನ? ನಾ ಏನ ಮಾಡೇನ್ರಿ?"

ಅಧ್ಯಕ್ಷರ ಬಿಳಿ ಕೂದಲು ಹಣೆಗೆ ಬಂದಿತ್ತು. ಅಷ್ಟು ಹೊತ್ತು ಕಟ್ಟಿಟ್ಟಿದ್ದ ಇಂಗ್ಲಿಷು ಬಿಚ್ಚಿಹೋಗಿ, ಹುಟ್ಟೂರಿನ ಮಾತು ಬಾಯಿಗೆ ಬಂತು. "ಏ, ನಾ ಎಲ್ಲೆ ಹೊಡದ್ನೋ! ನಾ ಹೊಡದಿಲ್ಲ! ಈ ಮಗಾ ಹೊಡಸಾಕತ್ತಾನ! ಇಂವ ಹೊಡಸಿದಾ!"

ನಾನು ಕೈ ಬಿಟ್ಟೆ.

"ಹಾಂ ಸರ್" ಎಂದೆ. "ಅದನ್ನ ಇಂಗ್ಲಿಷ್‌ನ್ಯಾಗ ಬರೀರಿ. ನನಗ ಬರಂಗಿಲ್ಲ."

ಅಷ್ಟರಲ್ಲಿ ವಾಚ್‌ಮನ್ ಹಯಾತ ಲಾಠಿ ಹಿಡಿದು ನುಗ್ಗಿದ. ಬೆನ್ನಿಗೆ, ತೊಡೆಗೆ, ಭುಜಕ್ಕೆ ಏಟು ಬಿದ್ದವು. ನೆಲಕ್ಕೆ ಕೆಡವಿ ಮೊಣಕಾಲು ಊರಿದ. ನಾನು ತಿರುಗಿ ಹೊಡೆಯಲಿಲ್ಲ, ಅವನ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ. ಬಲಗಿವಿ ಮೇಲಿದ್ದದ್ದರಿಂದ ಕೋಣೆಯ ಸದ್ದು ಕೇಳುತ್ತಿತ್ತು. ಅಧ್ಯಕ್ಷರು ತಮ್ಮ ಅಂಗೈಯನ್ನೇ ನೋಡುತ್ತಿದ್ದರು, ಅದಕ್ಕೆ ಹತ್ತಿದ ರಕ್ತ ಅವರದಲ್ಲ.

"ನೀವು ಕ್ಲಾಸಿನ್ಯಾಗ ಹಿಂಗ ಮಾಡಸ್ತೀರೇನ್ರಿ?" ಎಂದು ಅವರು ಹಿತ್ತಲಮನಿ ಸರ್ ಅವರನ್ನು ಕೇಳಿದರು.

"ನಾ ಯಾರಿಗೂ ಕೈ ಹಚ್ಚಿಲ್ರಿ ಸರ್" ಎಂದರು ಅವರು, ಮೂಗು ಹಿಡಿದುಕೊಂಡೇ.

ಅಧ್ಯಕ್ಷರು ರಕ್ತದ ಹಾಳೆಯನ್ನು ಬದಿಗಿಟ್ಟು ಬೇರೆ ಹಾಳೆ ತೆಗೆದರು. ಬರೆದರು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಅದರಲ್ಲಿ ನಾನು ಹುಡುಕಿ ಸಿಗದ ಮಾತು ಇತ್ತು: ಮೇಡ್. ಸರ್ ಸಮತಾಳ ಕೈಯಿಂದ ಹೊಡೆಸಿದರು ಅನ್ನಲು 'ಮೇಡ್' ಅಂದರೆ ಸಾಕಂತೆ. ಮೇಡ್ ಇನ್ ಇಂಡಿಯಾ ಎಂದು ಪ್ಲಾಸ್ಟಿಕ್ ಬಕೆಟ್ಟಿನ ಬುಡದಲ್ಲಿ ಇರುತ್ತದಲ್ಲ, ಅದೇ. ದಿನಾ ಸ್ನಾನ ಮಾಡುವಾಗ ಕಣ್ಣೆದುರಿಗೇ ಇತ್ತು.

ಸಮತಾಳ ಹೆಸರು ಆಪಾದನೆಯಿಂದ ಹೋಯಿತು. ಹಿತ್ತಲಮನಿ ಸರ್ ಅವರನ್ನು ಕ್ಲಾಸಿನಿಂದ ತೆಗೆದರು. ನನ್ನನ್ನು ಸೆಂಟರಿನಿಂದಲೇ ತೆಗೆದರು, ಇನ್ನು ಯಾವ ವರ್ಷವೂ ಸೇರಿಸಿಕೊಳ್ಳದ ಹಾಗೆ. ಅದು ಸರಿಯೇ. ಹಿರಿಯರ ಕೈ ಹಿಡಿದು ಹಾಗೆ ಮಾಡಬಾರದು, ನನಗೂ ಗೊತ್ತು. ಮತ್ತೆ ಅದೇ ದಿನ ಬಂದರೆ ಮತ್ತೆ ಹಿಡಿಯುತ್ತೇನೆ.

ಮೈಯೆಲ್ಲ ಲಾಠಿಯ ನೋವಿನಿಂದ ಜಡವಾಗಿತ್ತು. ಶಿಗ್ಗಾವಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಿದ್ದೆ. ಸಮತಾ ಬಂದು ಪಕ್ಕದಲ್ಲಿ ಕುಳಿತಳು. ಥ್ಯಾಂಕ್ಸ್ ಹೇಳುತ್ತಾಳೆ, ನಾನು ಇರಲಿ ಬಿಡು ಅನ್ನುತ್ತೇನೆ ಎಂದುಕೊಂಡಿದ್ದೆ. ಒಂದಿಷ್ಟು ಹೆಮ್ಮೆಯೂ ಆಗಿತ್ತು. ಎದುರಿಗೆ ಹಾವೇರಿ ಬಸ್ಸು ಹೊಗೆ ಬಿಡುತ್ತ ನಿಂತಿತ್ತು, ಕಂಡಕ್ಟರ್ ಊರುಗಳ ಹೆಸರು ಕೂಗುತ್ತಿದ್ದ. ಅವಳ ತುಟಿ ಅಲುಗಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಅವಳು ಕುಳಿತಿದ್ದದ್ದು ನನ್ನ ಎಡಕ್ಕೆ.

"ಏನಂದಿ? ಈ ಕಡೆ ಕೇಳಂಗಿಲ್ಲ" ಎಂದೆ.

ಅವಳು ಜಾಗ ಬದಲಿಸಲಿಲ್ಲ. ಆ ಕಿವಿಯನ್ನೇ ನೋಡುತ್ತ, ಹತ್ತಿಯ ಹತ್ತಿರ ಬಾಯಿ ತಂದು, ಇಡೀ ಸ್ಟ್ಯಾಂಡು ತಿರುಗಿ ನೋಡುವ ಹಾಗೆ ಕೂಗಿದಳು.

"ಅವರು ಹೊಡಸಿದ್ದು ಖರೆ ಮೈಲಾರಿ. ಹೊಡದಾಕಿ ನಾನ! ಕೈ ನಂದ!"

ಜನ ನೋಡಿದರು. ಅವಳು ಮುಖಕ್ಕೆ ಓಢಣಿ ಹಿಡಿದು ಅಳುತ್ತಿದ್ದಳು, ಕಂಡಕ್ಟರ್ ಸೀಟಿ ಊದಿದ, ನಾನು ಬಸ್ಸು ಹತ್ತಿದೆ.